ನಾಗಸ್ವರದವನ ಎರಡು ಹಲ್ಲು

ಗಣಪನನ್ನು ನಂಬಿದ ಎಲ್ಲ ಬಂಧುಗಳಿಗೆ ಅತ್ತಿಗುಪ್ಪೆಯ ನಂಜುಂಡಪ್ಪನ ನಮಸ್ಕಾರ. ನಾನು ಓಲಗದವನು. ಊದುವುದು ನನ್ನ ಕಸುಬು, ಬರೆಯುವುದಲ್ಲ. ಆ ಊದುವ ಬಾಯಿಯೇ ಕೆಟ್ಟು, ಮುಂದಿನ ಎರಡು ಹಲ್ಲು ಕೀಳಿಸಿಬಿಡಿ ಎಂದು ಡಾಕ್ಟರುಗಳು ಹೇಳಿದ ಮೇಲೆ ನಾನು ಪಟ್ಟ ಪಾಡನ್ನೂ, ಸ್ವಾಮಿ ಅದರಿಂದ ನನ್ನನ್ನು ಪಾರು ಮಾಡಿದ ಬಗೆಯನ್ನೂ ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಬರೆಯಿರಿ ಬರೆಯಿರಿ ಎಂದು ನನ್ನ ಹೆಂಡತಿ ಸಾವಿತ್ರಿ ತಲೆ ತಿಂದದ್ದರಿಂದ ಇವತ್ತು ಕೂತಿದ್ದೇನೆ.

ಅದು ೨೦೦೬ನೇ ಇಸವಿ. ಯುಗಾದಿ ಕಳೆದು ಮದುವೆಗಳು ಶುರುವಾಗಿದ್ದವು. ಕೆಂಗೇರಿಯ ಒಂದು ಛತ್ರದಲ್ಲಿ ಮುಹೂರ್ತ ಮುಗಿಸಿ, ಊಟ ಮಾಡಿಕೊಂಡು, ನಾನೂ ನನ್ನ ಭಾವಮೈದ ಸಿದ್ದರಾಜುವೂ ಸಿಟಿ ಬಸ್ಸು ಹತ್ತಿದೆವು. ಸಿದ್ದರಾಜು ಡೋಲು ಬಾರಿಸುವವನು. ಅವನ ಡೋಲಿಗೆ ಡ್ರೈವರ್ ಪಕ್ಕ ಜಾಗ ಸಿಕ್ಕಿತು, ಅವನಿಗೂ ಅಲ್ಲೇ ಒಂದು ಮೂಲೆ ಸಿಕ್ಕಿತು. ನಾನು ಬಸ್ಸಿನ ನಡುವೆ ಜನರ ಮಧ್ಯೆ ನಿಂತೆ.

ನಮ್ಮವರಲ್ಲಿ ಒಂದು ರೂಢಿ ಉಂಟು. ಎಷ್ಟೇ ನೂಕುನುಗ್ಗಲಿದ್ದರೂ ನಾಗಸ್ವರವನ್ನು ಕೆಳಗಿಡುವುದಿಲ್ಲ, ಕೂತವರ ತೊಡೆಯ ಮೇಲೂ ಕೊಡುವುದಿಲ್ಲ. ಕಾಲು ತಗುಲಿದರೆ ದೋಷ, ಬಿದ್ದರೆ ಮರ ಸೀಳುತ್ತದೆ. ಎರಡು ಕೈಯಲ್ಲೂ ಎದೆಗೆ ಅಪ್ಪಿಕೊಂಡು, ಕಾಲನ್ನು ಅಗಲ ಮಾಡಿ ನಿಂತುಬಿಡುತ್ತೇವೆ. ಅಂದೂ ಹಾಗೇ ನಿಂತಿದ್ದೆ. ನಾಯಂಡಹಳ್ಳಿ ಸಿಗ್ನಲ್ ಹತ್ತಿರ ಅಡ್ಡ ಬಂದ ಆಟೋದವನನ್ನು ಉಳಿಸಲು ಡ್ರೈವರ್ ಒಮ್ಮೆಲೇ ಬ್ರೇಕ್ ಒತ್ತಿದ. ಬೇರೆಯವರೆಲ್ಲ ಕಂಬಿ ಹಿಡಿದುಕೊಂಡರು. ನಾನು ವಾದ್ಯವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡೆ. ಮುಂದಿನ ಸೀಟಿನ ಕಬ್ಬಿಣದ ಕಂಬಿಗೆ ನನ್ನ ಬಾಯಿ ಹೋಗಿ ಬಡಿಯಿತು.

ನಾಗಸ್ವರಕ್ಕೆ ಒಂದು ಗೀರೂ ಆಗಲಿಲ್ಲ. ನನ್ನ ಮೇಲಿನ ಸಾಲಿನ ಮುಂದಿನ ಎರಡು ಹಲ್ಲಿನಲ್ಲಿ ಒಂದು ಅರ್ಧ ಮುರಿದಿತ್ತು, ಇನ್ನೊಂದು ಒಳಕ್ಕೆ ವಾಲಿಕೊಂಡು ಅಲುಗಾಡುತ್ತಿತ್ತು. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು ಎಂದು ಬಸ್ಸಿನಲ್ಲಿ ಯಾರೋ ಸಮಾಧಾನ ಹೇಳಿದರು. ಓಲಗದವನಿಗೆ ತಲೆಗಿಂತ ಬಾಯಿ ಮುಖ್ಯ ಎಂದು ಅವರಿಗೇನು ಗೊತ್ತು. ನನಗೆ ರಕ್ತಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ನಾಗಸ್ವರದ ತುದಿಯಲ್ಲಿ ಹುಲ್ಲಿನ ಒಂದು ಪುಟ್ಟ ಪೀಪಿ ಇರುತ್ತದೆ, ಅದಕ್ಕೆ ಸೀವಾಳಿ ಅನ್ನುತ್ತೇವೆ. ಅದನ್ನು ಹಲ್ಲಿನಿಂದ ಕಚ್ಚಿ ಊದುವುದಿಲ್ಲ. ತುಟಿಯನ್ನು ಒಳಕ್ಕೆ ಮಡಚಿ, ಹಲ್ಲಿಗೆ ಒರಗಿಸಿ, ಆ ಮೆತ್ತೆಯ ನಡುವೆ ಸೀವಾಳಿ ಹಿಡಿಯಬೇಕು. ತುಟಿ ದಿಂಬಾದರೆ ಹಲ್ಲು ಗೋಡೆ. ಗೋಡೆ ಅಲುಗಿದರೆ ಸ್ವರ ಅಲುಗುತ್ತದೆ.

ಮನೆ ಹತ್ತಿರದ ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ವಾಲಿದ ಹಲ್ಲನ್ನು ಎಳೆದು ನೆಟ್ಟಗೆ ಮಾಡಿ, ಪಕ್ಕದ ಹಲ್ಲುಗಳಿಗೆ ತಂತಿ ಕಟ್ಟಿ ನಿಲ್ಲಿಸಿದರು. ಎರಡಕ್ಕೂ ರೂಟ್ ಕೆನಾಲ್ ಮಾಡಿ, ಮುರಿದದ್ದಕ್ಕೆ ಕ್ಯಾಪ್ ಹಾಕಿದರು. ಒಳ್ಳೆಯವರು, ಅವರ ಕೆಲಸದಲ್ಲಿ ಕೊರತೆ ಇರಲಿಲ್ಲ. ಆದರೆ ಪೆಟ್ಟು ಬೇರಿನ ತುದಿಯವರೆಗೆ ಹೋಗಿತ್ತು. ಆಷಾಢ ಬರುವ ಹೊತ್ತಿಗೆ ಹಲ್ಲಿನ ಮೇಲೆ, ಒಸಡಿನಲ್ಲಿ, ಕಡಲೆಕಾಳಿನಷ್ಟು ಗುಳ್ಳೆ ಎದ್ದಿತು. ಒಡೆದು ಕೀವು ಬರುವುದು, ಮಾತ್ರೆ ನುಂಗಿದರೆ ಇಳಿಯುವುದು, ಒಂದೆರಡು ವಾರದಲ್ಲಿ ಮತ್ತೆ ಏಳುವುದು. ಊದಲು ಹೋದರೆ ಮೂಗಿನ ಬುಡದಿಂದ ನೆತ್ತಿಯವರೆಗೆ ನೋವು ಹೊಡೆಯುತ್ತಿತ್ತು. ಶ್ರಾವಣದ ಮದುವೆಗಳನ್ನು ಹಲ್ಲು ಕಚ್ಚಿ ಮಾಡಿದೆ ಎಂದು ಹೇಳಲೂ ಆಗದು, ಕಚ್ಚುವುದಕ್ಕೆ ಹಲ್ಲೇ ಸರಿ ಇರಲಿಲ್ಲ.

ಕೊನೆಗೆ ಆ ಡಾಕ್ಟರು, ಇನ್ನು ಎರಡನ್ನೂ ತೆಗೆದು ಕಟ್ಟಿಸಿಕೊಳ್ಳುವುದೇ ದಾರಿ ಎಂದರು. ರಾಜಾಜಿನಗರದಲ್ಲಿ ಇನ್ನೊಬ್ಬರ ಹತ್ತಿರ ಹೋದೆ. ಅವರೂ ಅದನ್ನೇ ಹೇಳಿದರು. ಕಟ್ಟಿಸಿದ ಹಲ್ಲಿನಲ್ಲಿ ಊದಬಹುದೇ ಎಂದು ಕೇಳಿದರೆ, ಊಟ ಮಾಡಬಹುದು, ಮಾತಾಡಬಹುದು, ಊದುವ ವಿಷಯ ನಮಗೆ ತಿಳಿಯದು ಎಂದರು. ತಿಳಿದವರನ್ನೇ ಕೇಳೋಣ ಎಂದು ಲಗ್ಗೆರೆಯಲ್ಲಿದ್ದ ನಮ್ಮ ಹಿರಿಯ ವಿದ್ವಾಂಸರೊಬ್ಬರ ಮನೆಗೆ ಹೋದೆ. ಅವರು ವಯಸ್ಸಿಗೆ ಹಲ್ಲು ಹೋಗಿ ಸೆಟ್ಟು ಕಟ್ಟಿಸಿಕೊಂಡವರು. ಸೆಟ್ಟು ಕೈಯಲ್ಲಿ ತೆಗೆದು ತೋರಿಸಿ, ತಾರಕಕ್ಕೆ ಹೋದಾಗ ಇದು ಜಾರುತ್ತದಪ್ಪ, ಅದಕ್ಕೇ ನಾನೀಗ ಶ್ರುತಿ ಪೆಟ್ಟಿಗೆ ಹಿಡಿದು ಮಗನ ಹಿಂದೆ ಕೂರುತ್ತೇನೆ ಎಂದರು. ನಗುನಗುತ್ತಲೇ ಹೇಳಿದರು. ನಾನು ಅವರ ಮನೆಯ ಕಾಫಿ ಕುಡಿಯಲಾಗದೆ ಎದ್ದು ಬಂದೆ.

ನಮ್ಮ ಬಡಾವಣೆಯ ಗಣಪತಿ ಗುಡಿಯಲ್ಲಿ ನನ್ನ ತಂದೆಯವರು ಓಲಗದ ಸೇವೆ ಮಾಡಿದವರು. ಅವರು ಹೋದ ಮೇಲೆ ನಾನು. ಮಂಗಳವಾರ, ಸಂಕಷ್ಟಿ, ಹಬ್ಬ ಹುಣ್ಣಿಮೆಗಳಲ್ಲಿ ಮಂಗಳಾರತಿಗೆ ನಾಗಸ್ವರ ನಮ್ಮದೇ. ಗರ್ಭಗುಡಿಯ ಎದುರು ಹೊಸ್ತಿಲಿನಾಚೆ, ಕಂಬದ ಪಕ್ಕ ನಮ್ಮ ಜಾಗ. ಆ ವರ್ಷದ ಗಣೇಶನ ಹಬ್ಬಕ್ಕೆ ನನ್ನ ಬಾಯಿ ಊದಿಕೊಂಡು ಹೋಗಲಾಗಲಿಲ್ಲ. ಅದೇ ಸಮಯಕ್ಕೆ ಯಾರೋ ಭಕ್ತರು ಒಂದು ಮೆಷಿನ್ನು ಕೊಡಿಸಿದರು. ಸ್ವಿಚ್ಚು ಹಾಕಿದರೆ ನಗಾರಿ, ಗಂಟೆ, ಜಾಗಟೆ ಎಲ್ಲ ತಾನೇ ಬಾರಿಸಿಕೊಳ್ಳುವಂಥದ್ದು. ಅದರ ಮೇಲೆ ದಾನಿಗಳ ಹೆಸರನ್ನು ಗಣಪತಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಮೆಷಿನ್ನಿಗೆ ಹಲ್ಲುನೋವು ಬರುವುದಿಲ್ಲ, ಅದು ರಜೆ ಕೇಳುವುದಿಲ್ಲ. ಕಮಿಟಿಯವರು ನನಗೆ ಬರಬೇಡ ಅನ್ನಲಿಲ್ಲ. ಬಾ ಎಂದು ಹೇಳಿ ಕಳಿಸುವುದನ್ನು ಬಿಟ್ಟರು, ಅಷ್ಟೇ.

ಕಾರ್ತಿಕ ಬಂತು, ಮದುವೆಗಳಿಗೆ ಕರೆ ಬರತೊಡಗಿತು. ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋದು ನಮ್ಮನೆ ಗಾದೆ ಆಯ್ತಲ್ಲ ಎಂದು ಸಾವಿತ್ರಿ ಅನ್ನುವಳು. ಸಿದ್ದರಾಜು ಬೇರೆ ನಾಗಸ್ವರದವರನ್ನು ಜೊತೆ ಮಾಡಿಕೊಂಡು ಹೋಗುತ್ತಿದ್ದ. ನನ್ನನ್ನೂ ಬಿಡಬಾರದೆಂದು ಒಂದೆರಡು ಕಡೆ ಕರೆದುಕೊಂಡು ಹೋಗಿ ಶ್ರುತಿ ಪೆಟ್ಟಿಗೆಗೆ ಕೂರಿಸಿದ. ಅವನ ಮನಸ್ಸು ಒಳ್ಳೆಯದೇ. ಆದರೆ ಇನ್ನೊಬ್ಬನ ಬೆನ್ನು ನೋಡುತ್ತಾ, ಗುಂಡಿ ತಿರುಗಿಸಿಕೊಂಡು ಕೂತಾಗ ನನಗೆ ಭೂಮಿಯೊಳಗೆ ಇಳಿದುಹೋದರೆ ಸಾಕು ಅನ್ನಿಸಿತ್ತು. ಮನೆಗೆ ಬಂದು ಇದೆಲ್ಲ ಆ ಗಣಪನ ಮೇಲೆ ಹಾಕಿದೆ, ಏನು ಮಾಡುತ್ತಾನೋ ಮಾಡಲಿ ಎಂದೆ. ಸಿದ್ದರಾಜು ತಮಾಷೆಯವನು, ದೇವರಿದ್ದಾನೆ ಅಂದರೂ ಸರಿ ಇಲ್ಲ ಅಂದರೂ ಸರಿ ಅವನಿಗೆ.

“ಭಾವ, ನಿಮ್ ಗಣಪ ತನ್ ದಂತನೇ ಉಳಿಸ್ಕೊಂಡಿಲ್ಲ. ನಿಮ್ ಹಲ್ಲು ಉಳಿಸ್ತಾನಾ?” ಎಂದ.

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅಂದು ಅವನನ್ನು ಬೈದು ಕಳಿಸಿದೆ. ಮಾರನೆಯ ವಾರ ಹಲ್ಲು ಕೀಳಿಸಲು ದಿನ ಗೊತ್ತು ಮಾಡಿಕೊಂಡು ಬಂದೆ. ದಿನಾ ಸಾಯುವವರಿಗೆ ಅಳುವವರು ಯಾರು ಎಂದುಕೊಂಡು ಗಟ್ಟಿ ಮನಸ್ಸು ಮಾಡಿದೆ.

ಕೀಳಿಸುವ ಹಿಂದಿನ ದಿನ ಸಂಕಷ್ಟಿ. ಸಂಜೆ ನಾಗಸ್ವರವನ್ನು ಚೀಲದಿಂದ ತೆಗೆದು ಒರೆಸಿ, ಸಾವಿತ್ರಿಯ ಜೊತೆ ಗುಡಿಗೆ ಹೋದೆ. ಊದಲು ಅಲ್ಲ. ಸ್ವಾಮಿಯ ಎದುರು ವಾದ್ಯ ಇಟ್ಟು, ಅಪ್ಪನ ಕಾಲದಿಂದ ನಡೆದ ಸೇವೆ ಇವತ್ತಿಗೆ ಮುಗಿಯಿತು, ತಪ್ಪು ಒಪ್ಪು ಹೊಟ್ಟೆಗೆ ಹಾಕಿಕೋ ಎಂದು ಹೇಳಿ ಬರಲು. ನಮ್ಮ ಗುಡಿಯ ಅರ್ಚಕರು ಶಾಸ್ತ್ರಿಗಳು ಮಿತಭಾಷಿಗಳು. ನನ್ನನ್ನು ನೋಡಿದರು, ನಾಗಸ್ವರ ನೋಡಿದರು, ಒಳಗೆ ಹೋದರು. ಸಂಕಷ್ಟಿಯಾದ್ದರಿಂದ ಜನ ತುಂಬಿದ್ದರು. ನಾನು ಹಳೆಯ ಜಾಗದಲ್ಲೇ ಕಂಬಕ್ಕೆ ಒರಗಿ ಕೂತೆ.

ಮಂಗಳಾರತಿ ಎತ್ತಿದರು. ಸ್ವಿಚ್ಚು ಹಾಕಿದರು. ಮೆಷಿನ್ನು ಕಿವಿ ಕಿತ್ತು ಹೋಗುವಂತೆ ಬಡಿದುಕೊಳ್ಳತೊಡಗಿತು. ನಾನು ಕಣ್ಣು ಮುಚ್ಚಿ, ಕಿತ್ತುಕೊಳ್ಳುವುದಾದರೆ ಪೂರ್ತಿ ಕಿತ್ತುಕೋ, ಆಸೆಯನ್ನೂ ಜೊತೆಗೇ ಕಿತ್ತುಕೋ ಎಂದು ಕೇಳಿಕೊಂಡೆ. ಅದು ಪ್ರಾರ್ಥನೆಯೋ ಜಗಳವೋ ನನಗೇ ಗೊತ್ತಿಲ್ಲ. ಆ ಹೊತ್ತಿಗೆ ಕರೆಂಟು ಹೋಯಿತು.

ಮೆಷಿನ್ನಿನ ಕೋಲುಗಳು ಅರ್ಧಕ್ಕೇ ನಿಂತವು. ಇಡೀ ಗುಡಿಯಲ್ಲಿ ಶಾಸ್ತ್ರಿಗಳ ಕೈಗಂಟೆ ಒಂದೇ ಕಿಣಿಕಿಣಿ ಅನ್ನುತ್ತಿತ್ತು. ಆರತಿಯ ಬೆಳಕಿನಲ್ಲಿ ಸ್ವಾಮಿಯ ಮುಖ ಮಾತ್ರ ಕಾಣುತ್ತಿತ್ತು. ಮಂಗಳಾರತಿ ಹೀಗೆ ಬರಿದಾಗಿ ನಡೆಯುವುದನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ, ತಡೆದುಕೊಳ್ಳಲು ಆಗಲಿಲ್ಲ. ಯಾರೂ ನನ್ನನ್ನು ಊದು ಎಂದು ಹೇಳಲಿಲ್ಲ. ಸಾವಿತ್ರಿ ಬೇಡ ಎಂದು ಅಂಗಿ ಜಗ್ಗಿದಳು. ನಾನು ಸೀವಾಳಿಯನ್ನು ಬಾಯಲ್ಲಿ ಒದ್ದೆ ಮಾಡಿ, ಬಾತುಕೊಂಡ ತುಟಿಗೆ ಇಟ್ಟು ಊದಿಬಿಟ್ಟೆ.

ಅದನ್ನು ಸಂಗೀತ ಅನ್ನಬೇಡಿ. ನಾಟ ರಾಗ ಹಿಡಿಯಲು ಹೋದೆ, ಗಾಳಿ ಪಕ್ಕದಿಂದ ಸೋರಿತು, ಷಡ್ಜ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಉಪ್ಪು ಉಪ್ಪಾಯಿತು. ಆದರೂ ಆರತಿ ಇಳಿಯುವವರೆಗೆ ಬಿಡಲಿಲ್ಲ. ಬಿಟ್ಟ ಮೇಲೆ ಟವೆಲ್ಲು ಬಾಯಿಗೆ ಒತ್ತಿಕೊಂಡು ಕೂತೆ. ಟವೆಲ್ಲಿನಲ್ಲಿ ರಕ್ತವೂ ಕೀವೂ ಕಂಡಿತು.

ಹೆಂಗಸರ ಸಾಲಿನಿಂದ ಒಬ್ಬರು ಎದ್ದು ಬಂದು ನನ್ನ ಎದುರು ಕುಕ್ಕರುಗಾಲಲ್ಲಿ ಕೂತರು. ನಲವತ್ತರ ಆಸುಪಾಸಿನವರು. ಹಿಂದೆಂದೂ ನಮ್ಮ ಗುಡಿಯಲ್ಲಿ ನೋಡಿದ ಮುಖವಲ್ಲ. ಅತ್ತೆಯವರ ಹರಕೆ ಇತ್ತು, ಅವರನ್ನು ಕರೆದುಕೊಂಡು ಬಂದಿದ್ದೆ ಎಂದು ಆಮೇಲೆ ಹೇಳಿದರು. ಎಷ್ಟು ದಿನದಿಂದ ಹೀಗಿದೆ, ಯಾವ ಹಲ್ಲು, ಏನೇನು ಮಾಡಿಸಿದಿರಿ ಎಂದು ಒಂದೇ ಸಮನೆ ಕೇಳಿದರು. ನನಗೆ ನೋವು, ಅವಮಾನ ಎರಡೂ ಇತ್ತು. ನಾಳೆ ಬೆಳಿಗ್ಗೆ ಕಿತ್ತು ಹಾಕಿಸುತ್ತಾ ಇದ್ದೀನಮ್ಮ, ಎಲ್ಲ ಮುಗೀತು, ನಿಮಗ್ಯಾಕೆ ಎಂದು ಒರಟಾಗಿಯೇ ಅಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. “ನಾನು ಹಲ್ಲಿನ ಡಾಕ್ಟ್ರು,” ಎಂದರು. “ಕೀಳ್ಸಿದ್ಮೇಲೆ ಬಂದ್ರೆ ನನ್ ಕೈಲಿ ಏನೂ ಆಗಲ್ಲ. ಕೀಳ್ಸೋ ಮುಂಚೆ ಒಂದ್ಸಲ ತೋರ್ಸಿ. ಆಮೇಲೂ ಕೀಳಿಸ್ಬೇಕು ಅನ್ಸಿದ್ರೆ ಕೀಳ್ಸಿ, ನಾನ್ ಬೇಡ ಅನ್ನಲ್ಲ.”

ಮರುದಿನ ಬೆಳಿಗ್ಗೆ ನಾನು ಆಗಲೂ ಕೀಳಿಸಲೆಂದೇ ಹೊರಟಿದ್ದೆ. ಸಾವಿತ್ರಿ ಆಟೋದವನಿಗೆ ಆ ಡಾಕ್ಟರಮ್ಮ ಕೊಟ್ಟುಹೋಗಿದ್ದ ಬಸವೇಶ್ವರನಗರದ ವಿಳಾಸ ಹೇಳಿದಳು. ಮನೆಯಲ್ಲಿ ಅವಳ ಮಾತು ಮೀರುವಷ್ಟು ಶಕ್ತಿ ನನಗೆ ಅಂದು ಇರಲಿಲ್ಲ.

ಡಾಕ್ಟರಮ್ಮನವರ ಕ್ಲಿನಿಕ್ಕು ಒಂದು ಸ್ಟೇಷನರಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಎಕ್ಸ್‌ರೇ ತೆಗೆದು, ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ನಮ್ಮಿಬ್ಬರನ್ನೂ ಹತ್ತಿರ ಕರೆದು ತೋರಿಸಿದರು. ಎರಡು ಹಲ್ಲಿನ ಬೇರಿನ ತುದಿಯಲ್ಲೂ ಕಪ್ಪು ಮಚ್ಚೆಗಳಿದ್ದವು. ಅಲ್ಲಿ ಮೂಳೆ ಕರಗಿ ಕೀವು ಮನೆ ಮಾಡಿಕೊಂಡಿದೆ, ಕೆಳಗಿನಿಂದ, ಹಲ್ಲಿನೊಳಗಿನಿಂದ ಎಷ್ಟು ಸಲ ಶುದ್ಧ ಮಾಡಿದರೂ ಆ ತುದಿಗೆ ಮದ್ದು ಮುಟ್ಟುವುದಿಲ್ಲ ಎಂದು ವಿವರಿಸಿದರು. ಹಾಗಾಗಿ ಕೆಳಗಿನಿಂದ ಹೋಗುವ ಬದಲು ಮೇಲಿನಿಂದ, ಅಂದರೆ ಒಸಡಿನ ಕಡೆಯಿಂದ ಹೋಗಬೇಕು. ಒಸಡನ್ನು ಸ್ವಲ್ಪವೇ ಬಿಡಿಸಿ, ಮೂಳೆಯಲ್ಲಿ ಉದ್ದಿನಕಾಳಿನಷ್ಟು ಕಿಂಡಿ ಮಾಡಿ, ಬೇರಿನ ತುದಿಯನ್ನು ಅರ್ಧ ಅಕ್ಕಿಕಾಳಿನಷ್ಟು ಕತ್ತರಿಸಿ ತೆಗೆದು, ಕೊಳೆತದ್ದನ್ನು ಕೆರೆದು, ಬೇರಿನ ಬಾಯಿಗೆ ಗಾರೆಯಂಥ ಒಂದು ಮದ್ದು ತುಂಬಿ ಮುಚ್ಚುವುದು. ಎಲ್ಲವನ್ನೂ ಮೈಕ್ರೋಸ್ಕೋಪಿನಲ್ಲಿ ನೋಡಿಕೊಂಡು ಮಾಡುವುದು. ಹಲ್ಲು ಇದ್ದ ಜಾಗದಲ್ಲೇ ಇರುತ್ತದೆ.

ನಾನು ಗ್ಯಾರಂಟಿ ಕೇಳಿದೆ. ಗ್ಯಾರಂಟಿ ಇಲ್ಲ ಎಂದರು. ವಾಲಿದ್ದ ಹಲ್ಲಿನ ಮೇಲೆ ಅವರಿಗೆ ಅನುಮಾನವಿತ್ತು. ಬಿದ್ದ ಪೆಟ್ಟಿನಿಂದ ಅದರ ಬೇರು ಸೀಳಿದ್ದರೆ ಯಾರು ಏನು ಮಾಡಿದರೂ ಉಳಿಯುವುದಿಲ್ಲ, ಸೀಳಿದೆಯೋ ಇಲ್ಲವೋ ತೆರೆದ ಮೇಲೇ ಗೊತ್ತಾಗುವುದು, ಸೀಳಿದ್ದರೆ ಅಲ್ಲೇ ತೆಗೆದುಬಿಡುತ್ತೇನೆ, ಒಪ್ಪಿಗೆಯೇ ಎಂದು ಕೇಳಿದರು. ಅವರು ಸುಳ್ಳು ಧೈರ್ಯ ಹೇಳಲಿಲ್ಲವೆಂದೇ ನನಗೆ ಧೈರ್ಯ ಬಂತು. ಒಪ್ಪಿಕೊಂಡೆ. ಖರ್ಚಿಗೆ ಹೇಗೋ ದಾರಿಯಾಯಿತು, ಆ ಮಾತು ಇಲ್ಲಿ ಬೇಡ.

ಹೊರಡುವಾಗ, ಆಪರೇಷನ್ನಿನ ದಿನ ನಾಗಸ್ವರ ತನ್ನಿ ಎಂದರು. ನನಗೆ ತಮಾಷೆ ಅನ್ನಿಸಿತು. ಆದರೂ ತೆಗೆದುಕೊಂಡು ಹೋದೆ. ಕುರ್ಚಿಯಲ್ಲಿ ಕೂರಿಸಿ, ಊದಬೇಡಿ, ಊದುವ ಹಾಗೆ ಹಿಡಿಯಿರಿ ಎಂದರು. ಹಿಡಿದೆ. ಎದುರಿನಿಂದ ನೋಡಿದರು, ಪಕ್ಕದಿಂದ ನೋಡಿದರು, ತುಟಿ ಎತ್ತಿ ಅದರ ಮಡಿಕೆ ಎಲ್ಲಿ ಒತ್ತುತ್ತದೆ ಎಂದು ಬೆರಳಿಟ್ಟು ನೋಡಿದರು. ಸಾಮಾನ್ಯವಾಗಿ ಗಾಯ ಮಾಡುವ ಜಾಗವೇ ನನ್ನ ತುಟಿ ಒತ್ತುವ ಜಾಗವಾಗಿತ್ತಂತೆ.

“ಇಲ್ಲಿ ಕುಯ್ದರೆ ಹಲ್ಲು ಉಳಿಯತ್ತೆ, ಗಾಯ ಮಾಗಿ ಗಂಟಾಗತ್ತೆ. ನೀವು ಊದೋವಾಗೆಲ್ಲ ಅದು ಜಗ್ಗತ್ತೆ,” ಎಂದರು. “ಹಲ್ಲಿನ ಬುಡದ ಹತ್ರಾನೇ ಕುಯ್ತೀನಿ. ನಂಗೆ ಕೆಲಸ ಕಷ್ಟ ಆಗತ್ತೆ, ಆಗ್ಲಿ.”

ಆ ಕ್ಷಣ ನನ್ನ ಎದೆ ತುಂಬಿ ಬಂತು. ಅಲ್ಲಿಯವರೆಗೆ ಎಲ್ಲರೂ ನನ್ನ ಹಲ್ಲು ನೋಡಿದ್ದರು, ಊದುವವನನ್ನು ಯಾರೂ ನೋಡಿರಲಿಲ್ಲ. ಕುರ್ಚಿಯಲ್ಲಿ ಒರಗಿದಾಗಲೇ ಗಣಪನಿಗೆ ಕೈ ಮುಗಿದೆ. ಏನಾದರೂ ಆಗಲಿ, ಈ ತಾಯಿಯನ್ನು ತೋರಿಸಿದ್ದಕ್ಕೆ ನಿನಗೆ ಶರಣು ಎಂದುಕೊಂಡೆ.

ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಮೇಲಿನಿಂದ ಮೈಕ್ರೋಸ್ಕೋಪಿನ ತೋಳು ನನ್ನ ಮುಖದ ಮೇಲೆ ಬಾಗಿತು. ನೋವಾಗಲಿಲ್ಲ, ಆದರೆ ಎಲ್ಲ ಕೇಳಿಸುತ್ತಿತ್ತು. ಸಣ್ಣಗೆ ಕೊರೆಯುವ ಸದ್ದು, ನೀರು ಹೀರುವ ಸದ್ದು, ಡಾಕ್ಟರಮ್ಮ ನರ್ಸಿಗೆ ಹೇಳುವ ಒಂದೊಂದೇ ಮಾತು. ಸ್ತೋತ್ರ ಹೇಳಿಕೊಳ್ಳೋಣ ಎಂದರೆ ಎರಡನೇ ಸಾಲೇ ನೆನಪಿಗೆ ಬರಲಿಲ್ಲ. ಕೊನೆಗೆ ನಾಟ ರಾಗದ ಆಲಾಪನೆಯನ್ನೇ ಮನಸ್ಸಿನಲ್ಲಿ ಊದತೊಡಗಿದೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬೆರಳು ಆಡಿಸುತ್ತಿದ್ದೆನಂತೆ. ನಾನು ಭಯಕ್ಕೆ ನಡುಗುತ್ತಿದ್ದೇನೆ ಅಂದುಕೊಂಡು ನರ್ಸು ನನ್ನ ಕೈ ಹಿಡಿದುಕೊಂಡಳು. ರಾಗ ಅಲ್ಲಿಗೇ ನಿಂತಿತು.

ಅನುಮಾನದ ಹಲ್ಲಿಗೆ ಬಂದಾಗ ಡಾಕ್ಟರಮ್ಮ ಬೇರಿಗೆ ಒಂದು ನೀಲಿ ಬಣ್ಣ ಹಚ್ಚಿದರು. ಸೀಳಿದ್ದರೆ ಬಣ್ಣ ಗೆರೆಯಾಗಿ ಕಾಣುತ್ತದೆ ಎಂದು ಮೊದಲೇ ಹೇಳಿದ್ದರು. ಆಮೇಲೆ ಮಾತು ನಿಂತಿತು. ಅವರು ನೋಡುತ್ತಲೇ ಇದ್ದರು. ದೀಪ ಸರಿಸಿದರು, ಮತ್ತೆ ನೋಡಿದರು. ಬಾಯಿ ತೆರೆದು ಮಲಗಿದವನು ಏನು ಕೇಳಲು ಸಾಧ್ಯ. ಅಪ್ಪ ಗಣಪಾ, ಇಲ್ಲ ಅನ್ನಿಸು ಎಂದು ಒಳಗೊಳಗೇ ಕೂಗಿಕೊಂಡೆ.

“ಸೀಳಿಲ್ಲ ನಂಜುಂಡಪ್ಪನವ್ರೇ. ಬೇರು ಗಟ್ಟಿ ಇದೆ,” ಎಂದರು.

ನನ್ನ ಕಣ್ಣಿನ ನೀರು ಎರಡೂ ಕಡೆಯಿಂದ ಕಿವಿಗೆ ಇಳಿಯಿತು. ನರ್ಸು ಅದನ್ನೂ ಒರೆಸಿದಳು. ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಗೆ ಹಾಕಿ, ಅಂದೇ ಮನೆಗೆ ಕಳಿಸಿದರು. ಹೊರಗೆ ಕಾಯುತ್ತಾ ಕೂತಿದ್ದ ಸಾವಿತ್ರಿ ಕೆಳಗಿನ ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡು ತಂದಳು. ಅದನ್ನು ನಾನು ಕುಡಿಯಲಾರೆ ಎಂದು ಗೊತ್ತಾಗಿ ತಾನೇ ಗಟಗಟ ಕುಡಿದಳು. ಅವಳು ಬೆಳಗಿನಿಂದ ಉಪವಾಸವಿದ್ದಳೆಂದು ನನಗೆ ಆಗ ತಿಳಿಯಿತು.

ಆಮೇಲಿನದು ಕಾಯುವ ಕೆಲಸ. ತಾವು ಹೇಳುವವರೆಗೆ ಸೀವಾಳಿಯನ್ನು ತುಟಿಗೆ ಮುಟ್ಟಿಸಕೂಡದು ಎಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದರು. ಮೂಳೆ ತಾನಾಗಿ ಬೆಳೆದು ಕಿಂಡಿ ತುಂಬಬೇಕು, ಅದಕ್ಕೆ ತಿಂಗಳುಗಳೇ ಬೇಕು. ಸುಮ್ಮನೆ ಮನೆಯಲ್ಲಿ ಕೂರಲಾರದೆ ಗುಡಿಗೆ ಹೋಗಲು ಶುರು ಮಾಡಿದೆ. ಓಲಗದವನಾಗಿ ಅಲ್ಲ, ಎಲ್ಲರ ಹಾಗೆ, ಸಾಲಿನಲ್ಲಿ.

ಬಂಧುಗಳೇ, ಒಂದು ಮಾತು ಹೇಳುತ್ತೇನೆ. ಅಷ್ಟು ವರ್ಷ ಆ ಗುಡಿಯಲ್ಲಿ ಸೇವೆ ಮಾಡಿದ ನಾನು ಉರಿಯುವ ಮಂಗಳಾರತಿಯನ್ನು ಒಂದು ದಿನವೂ ತೆಗೆದುಕೊಂಡಿರಲಿಲ್ಲ. ನಮ್ಮ ಗುಡಿಯ ಪದ್ಧತಿ ಹಾಗೆ. ಕೊನೆಯ ಭಕ್ತ ಆರತಿ ತೆಗೆದುಕೊಳ್ಳುವವರೆಗೆ ಓಲಗ ನಿಲ್ಲಬಾರದು. ನಾಗಸ್ವರಕ್ಕೆ ಎರಡು ಕೈಯೂ ಬೇಕು. ಊದಿ ಮುಗಿಸಿ, ಕೈ ಒರೆಸಿಕೊಂಡು, ತಟ್ಟೆ ನನ್ನ ಹತ್ತಿರ ಬರುವ ಹೊತ್ತಿಗೆ ಕರ್ಪೂರ ಆರಿ ಕಪ್ಪು ಮಾತ್ರ ಉಳಿದಿರುತ್ತಿತ್ತು. ಆ ಕಪ್ಪನ್ನೇ ಹಣೆಗೆ ಹಚ್ಚಿಕೊಂಡು ಮನೆಗೆ ಹೋಗುತ್ತಿದ್ದೆ. ಅದರಲ್ಲಿ ಕೊರತೆ ಇದೆ ಎಂದು ಎಂದೂ ಅನ್ನಿಸಿರಲಿಲ್ಲ. ಊದದೆ ಇದ್ದ ಆ ದಿನಗಳಲ್ಲಿ ಮೊದಲ ಸಲ ಎರಡೂ ಅಂಗೈಯನ್ನು ಉರಿಯ ಮೇಲೆ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಆ ಬಿಸಿಗೆ ನನ್ನ ಮೈ ಜುಮ್ಮೆಂದಿತು. ಭಕ್ತರು ಇದಕ್ಕಾಗಿಯೇ ಇಷ್ಟು ನೂಕಾಡುತ್ತಾರೆಯೇ ಅನ್ನಿಸಿತು. ಸ್ವಾಮಿಗೆ ಅಷ್ಟು ಹತ್ತಿರದಲ್ಲಿದ್ದೂ ನಾನು ಏನನ್ನು ಕಾಣದೆ ಇದ್ದೆನೋ ಅದನ್ನು ಹಲ್ಲು ಮುರಿದು ತೋರಿಸಿದ.

ಸಿದ್ದರಾಜು ಒಂದು ಸಲ ನನ್ನ ಜೊತೆ ವಾದಕ್ಕೆ ಇಳಿದ. ಕರೆಂಟು ಈ ಊರಲ್ಲಿ ದಿನಾ ಹೋಗುತ್ತದೆ, ಅಂದೂ ಹೋಯಿತು, ಅದಕ್ಕೆ ಯಾಕೆ ದೇವರ ಹೆಸರು, ಕರೆಂಟು ಆಫೀಸಿನವರ ಹೆಸರಿಗೇ ಅರ್ಚನೆ ಮಾಡಿಸಬಹುದಲ್ಲ ಎಂದ. ಅವನ ಮಾತನ್ನು ನಾನು ಬಹಳ ಯೋಚಿಸಿದ್ದೇನೆ. ಕರೆಂಟು ಎಲ್ಲರಿಗೂ ಹೋಯಿತು, ನಿಜ. ಆದರೆ ಊದಬಾರದವನ ಕೈ ಆ ಹೊತ್ತಿಗೆ ತಾನಾಗಿ ಎದ್ದದ್ದು ಹೇಗೆ? ಚೆನ್ನಾಗಿ ಊದಿದ್ದರೆ ಆ ತಾಯಿ ತಲೆದೂಗಿ ಮನೆಗೆ ಹೋಗುತ್ತಿದ್ದರು. ಕೆಟ್ಟದಾಗಿ ಊದಿದ್ದರಿಂದಲೇ ಎದ್ದು ಬಂದರು. ನಾನು ಒಳ್ಳೆಯ ಸ್ವರ ಕೊಡು ಎಂದು ಕೇಳುತ್ತಿದ್ದೆ, ಅವನು ಕೆಟ್ಟ ಸ್ವರದಲ್ಲೇ ದಾರಿ ಮಾಡಿಟ್ಟಿದ್ದ. ಇದನ್ನು ಸಿದ್ದರಾಜುವಿಗೆ ಹೇಳಿದೆ. ಅವನು ಡೋಲಿನ ಬಾರು ಬಿಗಿಯತೊಡಗಿದ.

ಮುಂದಿನ ಯುಗಾದಿ ಹತ್ತಿರವಾದಾಗ ಮತ್ತೆ ಎಕ್ಸ್‌ರೇ ತೆಗೆದರು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಕಪ್ಪು ಮಚ್ಚೆಗಳ ಜಾಗದಲ್ಲಿ ಮೂಳೆ ಮಂಜು ಕವಿದ ಹಾಗೆ ಬೆಳ್ಳಗೆ ತುಂಬಿಕೊಳ್ಳುತ್ತಿತ್ತು. ಹಲ್ಲನ್ನು ಬೆರಳಲ್ಲಿ ಅಲುಗಿಸಿ ನೋಡಿದರು, ಅಲುಗಲಿಲ್ಲ. ಮೊದಲು ಬರೀ ಸೀವಾಳಿ, ಆಮೇಲೆ ಮಂದ್ರ, ನೋವಾದರೆ ನಿಲ್ಲಿಸುವುದು ಎಂದು ಮಕ್ಕಳಿಗೆ ಹೇಳುವಂತೆ ಹೇಳಿದರು. ಮನೆಯ ಟೆರೇಸಿನಲ್ಲಿ, ಒಗೆದ ಬಟ್ಟೆಗಳ ನಡುವೆ ಕೂತು ಅಭ್ಯಾಸ ಶುರು ಮಾಡಿದೆ. ಮೊದಮೊದಲು ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ನಾನು ತಪ್ಪು ತಿಳಿಯಲಿಲ್ಲ.

ತಾರಕಕ್ಕೆ ಹೋಗಲು ಧೈರ್ಯ ಬಂದ ಮೇಲೆ ಶಾಸ್ತ್ರಿಗಳ ಹತ್ತಿರ ಹೋಗಿ, ಮಂಗಳವಾರ ಬರಲೇ ಎಂದು ಕೇಳಿದೆ. ಕಮಿಟಿಯನ್ನು ಕೇಳಿ ಹೇಳುತ್ತೇನೆ ಅನ್ನುತ್ತಾರೆ ಅಂದುಕೊಂಡಿದ್ದೆ. ಮಡಿ ಉಟ್ಟು ಬಾ ಎಂದಷ್ಟೇ ಹೇಳಿದರು.

ಆ ಮಂಗಳವಾರ ಬೆಳಿಗ್ಗೆ ಸಿದ್ದರಾಜು ಡೋಲು ಕಟ್ಟಿಕೊಂಡು ಬಂದ, ಕರೆಯದೇ ಬಂದ. ಜನ ಹೆಚ್ಚಿರಲಿಲ್ಲ. ಮೆಷಿನ್ನಿನ ಸ್ವಿಚ್ಚನ್ನು ಯಾರೂ ಹಾಕಲಿಲ್ಲ. ಸಾವಿತ್ರಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು, ದೇವರನ್ನು ನೋಡುವ ಧೈರ್ಯವೂ ಇಲ್ಲದವಳ ಹಾಗೆ. ಸ್ವಾಮಿಗೆ ಆರತಿ ಎತ್ತಿದ ಕೂಡಲೇ ನಾಟ ಹಿಡಿದೆ. ಷಡ್ಜ ನಿಂತಿತು. ತುಟಿ ಹಲ್ಲಿಗೆ ಒರಗಿತು, ಹಲ್ಲು ತಡೆದುಕೊಂಡಿತು. ಗಾಳಿ ಸೋರಲಿಲ್ಲ. ನನಗೆ ಅಳು ಬರುತ್ತಿತ್ತು, ಊದುವಾಗ ಅಳಲು ಬರುವುದಿಲ್ಲ, ಅದೂ ಸ್ವರದಲ್ಲೇ ಹೋಯಿತು.

ಶಾಸ್ತ್ರಿಗಳು ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಎಂದಿನಂತೆ ಎದುರಿನ ಸಾಲಿಗೆ ಹೋಗುತ್ತಾರೆ ಎಂದುಕೊಂಡೆ. ಅವರು ಹೊಸ್ತಿಲು ದಾಟಿ ನೇರವಾಗಿ ಕಂಬದ ಹತ್ತಿರ ಬಂದು ನನ್ನ ಎದುರು ನಿಂತರು. ಕರ್ಪೂರ ನೆಟ್ಟಗೆ ಉರಿಯುತ್ತಿತ್ತು. ನನ್ನ ಎರಡು ಕೈಯೂ ನಾಗಸ್ವರದ ಮೇಲೆ. ಬಿಡುವಂತಿಲ್ಲ, ಓಲಗ ನಿಲ್ಲಬಾರದು. ಏನು ಮಾಡಬೇಕೆಂದು ತೋಚದೆ ಅವರ ಮುಖ ನೋಡಿದೆ.

ಶಾಸ್ತ್ರಿಗಳು ಎಡಗೈಗೆ ತಟ್ಟೆ ಬದಲಿಸಿಕೊಂಡರು. ತಮ್ಮ ಬಲ ಅಂಗೈಯನ್ನು ಉರಿಯ ಮೇಲೆ ಹಿಡಿದರು. ಆ ಬಿಸಿ ಅಂಗೈಯನ್ನು ನನ್ನ ಎರಡು ಕಣ್ಣಿನ ಮೇಲೂ ಇಟ್ಟರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನಮ್ಮ ತಂದೆಯವರನ್ನು ಯಾವ ಅರ್ಚಕರೂ ಮುಟ್ಟಿದ್ದನ್ನು ನಾನು ನೋಡಿಲ್ಲ.

“ನಿಲ್ಲಿಸ್ಬೇಡ, ಊದು,” ಎಂದರು.

ಕಣ್ಣು ಮುಚ್ಚಿಕೊಂಡು ಊದಿದೆ. ಆ ಎರಡು ಹಲ್ಲುಗಳು ಇಂದಿಗೂ ನನ್ನ ಬಾಯಲ್ಲಿವೆ, ಒಂದು ಸ್ವಲ್ಪ ಕಪ್ಪಾಗಿದೆ. ಅದನ್ನು ಬೆಳ್ಳಗೆ ಮಾಡಿಕೊಡುತ್ತೇನೆ ಎಂದು ಡಾಕ್ಟರಮ್ಮ ಹೇಳುತ್ತಿರುತ್ತಾರೆ, ನಾನೇ ಬೇಡ ಎಂದಿದ್ದೇನೆ. ಆ ತಾಯಿಯ ಕೈಗೂ, ಆ ಕೈಯನ್ನು ನನ್ನ ಕಡೆಗೆ ತಿರುಗಿಸಿದವನಿಗೂ ನನ್ನ ಉಸಿರು ಇರುವವರೆಗೆ ನಮಸ್ಕಾರ. ಉಸಿರೊಂದನ್ನು ಬಿಟ್ಟರೆ ಕೊಡಲು ನನ್ನ ಹತ್ತಿರ ಬೇರೇನೂ ಇಲ್ಲ. ಅವನು ಕೇಳಿದ್ದೂ ಅಷ್ಟನ್ನೇ.